ಬಸ್ಸು ಹತ್ತಿದ ರೇಡಿಯೋ

ನಮ್ಮ ರೇಡಿಯೋ ಬಸ್ಸಿನಲ್ಲಿ ಹೋಗುತ್ತಿತ್ತು. ಈ ಮಾತು ಹೇಳಿದರೆ ಈಗಿನ ವಿದ್ಯಾರ್ಥಿಗಳು ಒಂದು ಕ್ಷಣ ನನ್ನ ಮುಖ ನೋಡಿ, ಪಾಪ ಸರ್‌ಗೆ ವಯಸ್ಸಾಯಿತು ಎಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಎಂಬತ್ತರ ದಶಕದಲ್ಲಿ ಚಿಕ್ಕೋಡಿಯಿಂದ ಹೊರಡುತ್ತಿದ್ದ ಬೆಳಗಿನ ಬಸ್ಸುಗಳ ಕಂಡಕ್ಟರುಗಳನ್ನು ಕೇಳಿದರೆ ಅವರು ಸಾಕ್ಷಿ ಹೇಳುತ್ತಾರೆ. ನಿಪ್ಪಾಣಿಗೊಂದು, ರಾಯಬಾಗಕ್ಕೊಂದು, ಅಥಣಿಗೊಂದು, ಕಾಗವಾಡಕ್ಕೊಂದು, ಹೀಗೆ ನಾಲ್ಕು ಬಟ್ಟೆಯ ಚೀಲಗಳು. ಒಂದೊಂದರಲ್ಲಿ ಒಂದೊಂದು ಕ್ಯಾಸೆಟ್. ಅದೇ ನಮ್ಮ ಪ್ರಸಾರ. ಆ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ದಿನಾ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದವರು ಡೆಮೊ ಸರ್. ಅವರು ಹೋದ ತಿಂಗಳು ತೀರಿಕೊಂಡರು.

ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಅವರು ಡೆಮಾನ್‌ಸ್ಟ್ರೇಟರ್. ಪಾಠ ಮಾಡುವವರು ಬೇರೆ. ಲ್ಯಾಬಿನಲ್ಲಿ ತಂತಿ ಜೋಡಿಸಿ, ಲೋಲಕ ತೂಗಿಸಿ, ಹುಡುಗರ ತಪ್ಪು ಉತ್ತರವನ್ನು ಸರಿ ಉತ್ತರದ ಹತ್ತಿರ ತಂದು ನಿಲ್ಲಿಸುವವರು ಇವರು. ಬಿ.ಎಸ್ಸಿ. ಆದ ಮೇಲೆ ಮುಂದೆ ಓದಲು ಆಗಲಿಲ್ಲ, ಹಾಗಾಗಿ ಕೊನೆತನಕ ಲೆಕ್ಚರರ್ ಆಗಲಿಲ್ಲ. ‘ಡೆಮಾನ್‌ಸ್ಟ್ರೇಟರ್’ ಎನ್ನಲು ಹೊರಳದ ನಾಲಿಗೆಗಳೆಲ್ಲ ಸೇರಿ ಅವರನ್ನು ಡೆಮೊ ಸರ್ ಮಾಡಿದ್ದವು. ಸಣಕಲು ಮೈ, ತೋಳು ಮಡಚಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಸ್ಕ್ರೂಡ್ರೈವರ್. ಅಷ್ಟು ಚಿಕ್ಕ ಎದೆಯಿಂದ ಅಂಥ ದನಿ ಎಲ್ಲಿಂದ ಹೊರಡುತ್ತಿತ್ತೋ ಅವರ ಭೌತಶಾಸ್ತ್ರವೇ ಹೇಳಬೇಕು. ಮೈಕಿನ ಮುಂದೆ ಕೂತು ಅವರು, “ನಮಸ್ಕಾರ್ರಿ. ನಮಸ್ಕಾರ ಮಂಡಳಿ. ಕೂತೀರಿಲ್ಲೋ?” ಎಂದು ಕನ್ನಡಕ್ಕೊಂದು ಮರಾಠಿಗೊಂದು ನಮಸ್ಕಾರ ಹಾಕಿ ಕೇಳಿದರೆ, ನಿಂತಿದ್ದವರು ನಿಜವಾಗಿಯೂ ಕೂರುತ್ತಿದ್ದರು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರು ತಲೆ ಎತ್ತದೆ “ಕೂತೇವ್ರಿ, ಹೇಳ್ರಿ” ಎಂದು ಸ್ಪೀಕರಿಗೆ ಉತ್ತರ ಕೊಡುತ್ತಿದ್ದರಂತೆ.

ರೇಡಿಯೋ ಕೇಂದ್ರದ ಸ್ಥಾಪನೆ ಅಂದರೆ ದೀಪ ಹಚ್ಚಿ, ಫಲಕ ಅನಾವರಣ ಮಾಡಿ, ಮಂತ್ರಿಗಳು ಮಾತಾಡಿ ಆಗುವಂಥದ್ದು ಎಂದು ನೀವು ತಿಳಿದಿದ್ದರೆ ಅದು ತಪ್ಪು. ನಮ್ಮದು ಒಂದು ಸ್ಪೀಕರಿನ ಮುಖ ತಿರುಗಿಸಿದ್ದರಿಂದ ಆಯಿತು. ಯಾವ ಬ್ಯಾಚಿಗೆ ಯಾವಾಗ ಪ್ರಾಕ್ಟಿಕಲ್ ಎಂದು ಹೇಳಲು ಕಾಲೇಜಿನ ಮಾಳಿಗೆಯ ಮೇಲೆ ಒಂದು ಸ್ಪೀಕರ್ ಕಟ್ಟಿದ್ದರು. ಬರೀ ಬ್ಯಾಚ್ ನಂಬರು ಹೇಳಿ ಡೆಮೊ ಸರ್‌ಗೆ ಬೇಸರ ಬಂತು. ನಡುವೆ ಒಂದು ಹಾಡು ಹಾಕಿದರು. ಹಾಡಿನ ಹಿಂದೆ, ನಾಳೆ ಸಂತೆ ಐತಿ ಎಂದರು. ಸಂತೆಯ ಹಿಂದೆ ಬದನೆಕಾಯಿಯ ಹುಳುವಿಗೆ ಏನು ಹೊಡೆಯಬೇಕು ಎಂದರು. ತರಕಾರಿ ಮಾರುವವರು ಬಂದು, “ಸರ, ಅರ್ಧಾ ಕೇಳ್ತೈತಿ, ಅರ್ಧಾ ಕೇಳಂಗಿಲ್ಲ, ಅದರ ಮಾರಿ ನಮ್ಮ ಕಡೆ ಮಾಡ್ರಿ” ಎಂದರು. ಮಾಡಿದರು. ಅಂದಿನಿಂದ ಅದು ಕಾಲೇಜ್ ರೇಡಿಯೋ ಆಯಿತು, ಹುಡುಗರಿಗೆ ತಮ್ಮ ಬ್ಯಾಚು ಯಾವುದೆಂದು ಗೊತ್ತಾಗದೆ ಹೋಯಿತು.

ನಮ್ಮ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದವರಿಗೆ ಇದು ಹೇಗೋ ಗೊತ್ತಾಗಿ, ‘ಪ್ರಾಯೋಗಿಕವಾಗಿ ನಡೆಸಬಹುದು’ ಎಂದು ಒಂದು ಪತ್ರ ಕೊಟ್ಟರು. ವರ್ಷಕ್ಕೊಮ್ಮೆ ಹೊಸ ಪತ್ರ. ಪತ್ರ ಬಾರದಿದ್ದರೆ ಬಂದ್. ಗಾಳಿಯಲ್ಲಿ ಹಾರಿಸುವ ಪರವಾನಗಿ ಮಾತ್ರ ಯಾರೂ ಕೊಡುವಂತಿರಲಿಲ್ಲ. ಡೆಮೊ ಸರ್ ಅದಕ್ಕೆ ಬಸ್ಸು ಹುಡುಕಿಕೊಂಡರು. ಸಂಜೆ ಐದಕ್ಕೆ ಚಿಕ್ಕೋಡಿಯಲ್ಲಿ ನೇರವಾಗಿ ಅರ್ಧ ಗಂಟೆಯ ಕಾರ್ಯಕ್ರಮ. ಅದು ಟೇಪಿನಲ್ಲಿ ಇಳಿಯುತ್ತಿತ್ತು. ಆಮೇಲೆ ಆ ಟೇಪಿನಿಂದ ನಾಲ್ಕು ಕ್ಯಾಸೆಟ್ಟು ತುಂಬಿ ಮರುದಿನ ಬೆಳಿಗ್ಗೆ ಬಸ್ಸಿಗೆ. ಆ ನಾಲ್ಕೂ ಊರುಗಳ ಕಾಲೇಜುಗಳಲ್ಲಿ ಒಬ್ಬೊಬ್ಬ ಮಾಸ್ತರು ಅದನ್ನು ಇಳಿಸಿಕೊಂಡು ಸಂಜೆ ಐದಕ್ಕೆ ತಮ್ಮ ಸ್ಪೀಕರಿನಲ್ಲಿ ಹಾಕುತ್ತಿದ್ದರು. ಹೀಗಾಗಿ ಚಿಕ್ಕೋಡಿಯ ಸೋಮವಾರ ಅಥಣಿಯಲ್ಲಿ ಮಂಗಳವಾರ ಕೇಳಿಸುತ್ತಿತ್ತು. ಒಮ್ಮೆ ಡೆಮೊ ಸರ್, “ಇವತ್ತ ಏನ್ ಬಿಸಲ್ರಿ ಇದು” ಎಂದದ್ದು ರಾಯಬಾಗದಲ್ಲಿ ಧೋ ಎಂದು ಮಳೆ ಸುರಿಯುವಾಗ ಕೇಳಿಸಿ, ಜನ ಕೊಡೆ ಹಿಡಿದುಕೊಂಡೇ ನಕ್ಕಿದ್ದರು. ಅಂದಿನಿಂದ ನಮ್ಮ ರೇಡಿಯೋದಲ್ಲಿ ಹವಾಮಾನ ನಿಷಿದ್ಧ.

ನಾನು ಅಲ್ಲಿಗೆ ಕನ್ನಡ ಲೆಕ್ಚರರ್ ಆಗಿ ಹೋದಾಗ ಇಪ್ಪತ್ತಾರು ವರ್ಷ. ಖಾಯಂ ಆಗಲು ಇನ್ನೂ ಒಂದು ವರ್ಷ ಬಾಕಿ. ಎರಡನೆಯ ದಿನವೇ ಡೆಮೊ ಸರ್ ನನ್ನನ್ನು ಹಿಡಿದರು. “ತಮ್ಮಾ, ನೀ ಎಂ.ಎ. ಆಗೀಯಂತ. ಬರ್ಯಾಕ ಬರ್ತೈತೇನು?” ಎಂದು ಕೇಳಿ, ಬರುತ್ತದೆ ಎನ್ನುವ ಮೊದಲೇ ಕೈಗೆ ಹಾಳೆ ಕೊಟ್ಟರು. ಬರೆಯುವುದು, ಕ್ಯಾಸೆಟ್ಟು ತುಂಬುವುದು ನನ್ನ ಕೆಲಸವಾಯಿತು.

ಸ್ಟುಡಿಯೋ ಅಂದರೆ ಲ್ಯಾಬಿನ ಹಿಂದೆ ಆಸಿಡ್ ಬಾಟಲಿ ಇಡುತ್ತಿದ್ದ ಕೋಣೆ. ಗೋಡೆಗಳಿಗೆಲ್ಲ ಅವರ ಹೆಂಡತಿ ಹೊಲಿದ ಕೌದಿಗಳು. ಕೌದಿಗಳ ಕೆಳಗೆ, ದನಿ ತಿರುಗಿ ಬಡಿಯದಿರಲೆಂದು ಕುಡಚಿಯ ಅಂಗಡಿಯೊಂದರಿಂದ ತಂದ ಮೊಟ್ಟೆಯ ಟ್ರೇಗಳು. ನಮ್ಮದು ತತ್ತಿಯ ಹೆಸರು ಎತ್ತದ ಸಸ್ಯಾಹಾರಿ ಸಂಸ್ಥೆ. ಒಂದು ದಿನ ಪ್ರಿನ್ಸಿಪಾಲರು ಕೌದಿಯ ಅಂಚು ಎತ್ತಿ ನೋಡಿಬಿಟ್ಟರು. ಡೆಮೊ ಸರ್ ಕಣ್ಣು ಮಿಟುಕಿಸದೆ, “ತತ್ತಿ ಇಲ್ರಿ ಸರ, ಬರೇ ಅದರ ಮನಿ” ಎಂದರು. ಪ್ರಿನ್ಸಿಪಾಲರು ಅಂಚು ಬಿಟ್ಟು, ಏನೂ ನೋಡದವರ ಹಾಗೆ ಹೋದರು.

ಚಪ್ಪಲಿ ಹೊರಗೆ ಬಿಡಬೇಕೆನ್ನುವುದು ಅವರ ಕಟ್ಟುನಿಟ್ಟು. ಅಥಣಿಯ ಚಪ್ಪಲಿಗಳು ಕರ್ ಕರ್ ಎಂದು ಟೇಪಿನಲ್ಲಿ ಇಳಿಯುತ್ತವೆ ಎನ್ನುವುದಷ್ಟೇ ಕಾರಣ. ಆದರೆ ಬರುವ ರೈತರು ಇದನ್ನು ಬೇರೆ ರೀತಿ ತಿಳಿದುಕೊಂಡು, ಒಳಗೆ ಬಂದವರೇ ಮೈಕಿಗೆ ಕೈಮುಗಿಯುತ್ತಿದ್ದರು. ಡೆಮೊ ಸರ್ ತಿದ್ದುತ್ತಿರಲಿಲ್ಲ. “ಮುಗೀಲಿ ಬಿಡು. ಕೈ ಮುಗದವರು ಸುಳ್ಳ ಹೇಳಂಗಿಲ್ಲ” ಎನ್ನುತ್ತಿದ್ದರು. ಒಬ್ಬ ಮುದುಕಿ ಬೀಸುವ ಪದ ಹಾಡಲು ಬಂದು, ಕಲ್ಲು ಇಲ್ಲದೆ ಪದ ಹೊರಡುವುದಿಲ್ಲ ಎಂದು ಕೂತಳು. ಡೆಮೊ ಸರ್ ಹಮಾಲರನ್ನು ಕರೆದು ಬೀಸುವ ಕಲ್ಲನ್ನೇ ಒಳಗೆ ತರಿಸಿದರು, ಮನೆಯಿಂದ ಎರಡು ಸೇರು ಜೋಳ ತರಿಸಿದರು. ಪದ ಚೆನ್ನಾಗಿ ಬಂತು. ಸಂಜೆ ಅವರು ಹಿಟ್ಟಿನ ಚೀಲ ಹಿಡಿದು ಮನೆಗೆ ಹೊರಟಿದ್ದನ್ನು ನೋಡಿ ನಾನು ನಕ್ಕೆ. “ನಗ್ತೀಯೇನು? ಯಾವ ರೇಡಿಯೋದಾಗ ಪ್ರೋಗ್ರಾಮ ಮುಗದ ಮ್ಯಾಲ ರೊಟ್ಟಿ ಸಿಗ್ತಾವು ಹೇಳು” ಎಂದರು.

ಸುಳ್ಳಿನ ವಿಷಯದಲ್ಲಿ ಮಾತ್ರ ಅವರು ತಮಾಷೆ ಮಾಡುತ್ತಿರಲಿಲ್ಲ. “ರೇಡಿಯೋದಾಗ ಒಂದ ಸುಳ್ಳ ಬಂತಂದ್ರ, ನಾಳೆ ಕಬ್ಬಿನ ರೋಗಕ್ಕ ಹೇಳಿದ ಔಷಧಾನೂ ಮಂದಿ ನಂಬಂಗಿಲ್ಲ” ಎನ್ನುತ್ತಿದ್ದರು.

ಅವರಿಗೆ ಒಂದೇ ಆಸೆ ಇತ್ತು. ವರ್ಷ ವರ್ಷ ಪತ್ರಕ್ಕೆ ಕಾಯುವ ಈ ಪ್ರಾಯೋಗಿಕ ಬಾಳು ಸಾಕಾಗಿ, ವಿಶ್ವವಿದ್ಯಾಲಯ ನಮ್ಮನ್ನು ತನ್ನ ಖಾಯಂ ಧ್ವನಿ ಕೇಂದ್ರ ಎಂದು ಒಪ್ಪಿಕೊಳ್ಳಬೇಕು. ಹಾಗಾದರೆ ಅದಕ್ಕೊಬ್ಬ ಮುಖ್ಯಸ್ಥ ಬೇಕಾಗುತ್ತಾನೆ. ಹತ್ತೊಂಬತ್ತು ವರ್ಷ ಲೋಲಕ ತೂಗಿಸಿದ ಮನುಷ್ಯ ಅದಕ್ಕೆ ತಾವೇ ಎಂದುಕೊಂಡಿದ್ದರೆ ತಪ್ಪೇನು? ಒಮ್ಮೆ ಸ್ಕ್ರೂಡ್ರೈವರ್ ಹುಡುಕುತ್ತ ನಾನು ಅವರ ಡ್ರಾಯರ್ ತೆರೆದಾಗ ಒಂದು ಮರದ ಪಟ್ಟಿ ಸಿಕ್ಕಿತು. ಕರಿ ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ಅವರ ಹೆಸರು, ಕೆಳಗೆ ‘ಮುಖ್ಯಸ್ಥರು’. ಅಕ್ಷರ ಅವರದೇ. ನಾನು ಡ್ರಾಯರ್ ಮೆತ್ತಗೆ ಮುಚ್ಚಿದೆ. ಆ ವರ್ಷ ಕೊನೆಗೂ ವಿಶ್ವವಿದ್ಯಾಲಯದಿಂದ ಕಮಿಟಿ ಬರುವುದೆಂದು ಗೊತ್ತಾಯಿತು. ಅದರ ಮುಂದೆ ಇಡಲು ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರ ಶಿಫಾರಸು ಪತ್ರ ಬೇಕಿತ್ತು. ಕಮಿಟಿಗೆ ಇನ್ನು ಹತ್ತು ದಿನ ಇರುವಾಗ ಅಧ್ಯಕ್ಷರಿಗೆ ಕಾಗೆ ಬಡಿಯಿತು.

ಅಧ್ಯಕ್ಷರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಶಿರಗುಪ್ಪಿ ಕಡೆಯ ಕಬ್ಬು, ದ್ರಾಕ್ಷಿಯ ದೊಡ್ಡ ಕುಳ. ಮೂಢನಂಬಿಕೆ ಎಂದರೆ ಉರಿದು ಬೀಳುವವರು. ಅದರ ಬಗ್ಗೆ ನಮ್ಮ ರೇಡಿಯೋದಲ್ಲೇ ಅರ್ಧ ಗಂಟೆ ಗುಡುಗಿದ್ದರು. ಅವರು ದ್ರಾಕ್ಷಿ ತೋಟದಲ್ಲಿ ನಿಂತಿದ್ದಾಗ ಕಾಗೆಯೊಂದು ಬಂದು ರುಮಾಲಿನ ಮೇಲೆ ರಪ್ಪನೆ ಬಡಿದು ಹೋಯಿತು. ಸಾವ್ಕಾರ್ರು ನಕ್ಕರು. ಅವರ ಹೆಂಡತಿ ನಗಲಿಲ್ಲ. ಮಧ್ಯಾಹ್ನ ಗಂಡ ಸಕ್ಕರೆ ಫ್ಯಾಕ್ಟರಿಯ ಮೀಟಿಂಗಿಗೆ ಹೋದದ್ದನ್ನು ನೋಡಿ ಡೆಮೊ ಸರ್‌ಗೆ ಹೇಳಿ ಕಳಿಸಿದರು. ನಾನೂ ಜೊತೆಗೆ ಹೋದೆ.

“ಮಾಸ್ತರ, ಇವರಿಗೆ ಕಾಗಿ ಬಡದೈತ್ರಿ,” ಎಂದರು ಆ ತಾಯಿ. “ಇವರು ನಗಾಕತ್ತಾರ. ನನಗ ಮುಂಜಾನಿಂದ ಕೂಳ ಇಳೀವಲ್ದು.”

ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗೆ ಹೇಳಬೇಕು. ತಲೆಗೆ ಕಾಗೆ ಬಡಿದರೆ ಜೀವಕ್ಕೆ ಕೇಡು. ಪರಿಹಾರ ಏನೆಂದರೆ, ಆ ಮನುಷ್ಯ ಸತ್ತನೆಂದು ಹತ್ತಿರದ ಬೀಗರಿಗೆ ಸುಳ್ಳು ಸುದ್ದಿ ಕಳಿಸುವುದು. ಅವರು ನಂಬಿ ಅತ್ತರೆ ಕೇಡು ಆ ಕಣ್ಣೀರಿನಲ್ಲಿ ಕಳೆದುಹೋಗುತ್ತದೆ. ಆಮೇಲೆ, ಕಾಗೆ ಬಡಿದಿತ್ತು ಎಂದು ತಿಳಿಸಿದರೆ ಅತ್ತವರೂ ನಗುತ್ತಾರೆ.

“ನನ್ನ ತಂಗಿ ಕಾಗವಾಡದಾಗ ಅದಾಳ. ಮನಿಶಾರ್ನ ಕಳಿಸಿದ್ರ ಇವರಿಗೆ ಗೊತ್ತಾಗ್ತೈತಿ. ನಿಮ್ಮ ಕ್ಯಾಸೆಟ್ಟ ದಿನಾ ಹೋಗ್ತೈತಲ್ರಿ ಅಲ್ಲಿಗೆ. ಅದರಾಗ ಒಂದ ಮಾತ ಹಾಕ್ರಿ.”

“ಅವ್ವಾರ, ನಮ್ಮ ರೇಡಿಯೋದಾಗ ಸುಳ್ಳ ಬರಂಗಿಲ್ರಿ.”

“ಇದು ಸುಳ್ಳಲ್ರಿ ಮಾಸ್ತರ. ಇದು ಅವರ ಆಯುಷ್ಯ,” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. “ಆದ್ರ ಇವರ ಕಿವಿಗೆ ನನ್ನ ಹೆಸರ ಬೀಳಬಾರ್ದು ನೋಡ್ರಿ.”

ಡೆಮೊ ಸರ್ ಕೊನೆಗೆ ಆಯಿತು ಎಂದರು. ಶಿಫಾರಸು ಪತ್ರದ ಆಸೆಗೆ ಒಪ್ಪಿದರು ಎಂದು ನಾನು ಒಳಗೇ ಲೆಕ್ಕ ಹಾಕಿದೆ. ದಾರಿಯಲ್ಲಿ ಅವರು ತಮಗೆ ತಾವೇ ಎಂಬಂತೆ, “ಒಬ್ಬಾಕಿ ಹೆಣ್ಮಗಳು ಗಂಡ ಬದುಕ್ಲಿ ಅಂತ ಕೇಳಿದ್ರ ಇಲ್ಲ ಅನ್ನಾಕ ಬರ್ತೈತೇನ ತಮ್ಮಾ” ಎಂದಾಗ ನನ್ನ ಲೆಕ್ಕದ ಬಗ್ಗೆ ನನಗೇ ನಾಚಿಕೆಯಾಯಿತು.

ಉಪಾಯ ಅವರದೇ. ಅಂದಿನ ಚಿಕ್ಕೋಡಿಯ ಪ್ರಸಾರ ಮುಗಿದ ಮೇಲೆ ಟೇಪಿನ ಕೊನೆಗೆ ಸಾವಿನ ಸುದ್ದಿಯ ಒಂದು ಬಾಲ ಸೇರಿಸುವುದು. ಆ ಬಾಲ ಕಾಗವಾಡದ ಕ್ಯಾಸೆಟ್ಟಿಗೆ ಮಾತ್ರ. ಅಲ್ಲಿನ ಮಾಸ್ತರರಿಗೆ ಒಂದು ಚೀಟಿ: ಕೊನೆಯ ನಮಸ್ಕಾರ ಆದ ಕೂಡಲೇ ಸ್ಪೀಕರ್ ಬಂದ್ ಮಾಡಿ, ಆ ತಂಗಿಯನ್ನು ಸ್ಟಾಫ್ ರೂಮಿಗೆ ಕರೆಸಿ, ಅವರೊಬ್ಬರಿಗೇ ಮುಂದಿನದನ್ನು ಕೇಳಿಸಬೇಕು. ಸುದ್ದಿ ಬರೆದವನು ನಾನು. ಹೊಸ ಎಂ.ಎ. ನೋಡಿ, ಕೈ ಸುಮ್ಮನಿರಲಿಲ್ಲ. ‘ದಾನಶೂರರೂ, ಶಿಕ್ಷಣಪ್ರೇಮಿಗಳೂ, ಈ ಸೀಮೆಯ ಕಣ್ಮಣಿಯೂ ಆದ’ ಎಂದು ಶುರು ಮಾಡಿ, ‘ನಾಡು ತಬ್ಬಲಿಯಾಯಿತು’ ಎಂದು ಮುಗಿಸಿದೆ. ಡೆಮೊ ಸರ್ ಅದನ್ನು ಮೈಕಿನ ಮುಂದೆ ಓದಿದರು. ನಾನೇ ಬರೆದ ಸುಳ್ಳನ್ನು ಕೇಳಿ ಒಂದು ಕ್ಷಣ ನಾನೇ ನಂಬಿದೆ.

“ಕಾಗವಾಡದ್ದಕ್ಕಷ್ಟ ಬಾಲ ಹಚ್ಚು ತಮ್ಮಾ. ಉಳದ ಮೂರಕ್ಕ ನಮಸ್ಕಾರ ಅಂದ ಕೂಡ್ಲೇ ನಿಂದ್ರಸು,” ಎಂದು ಹೇಳಿ ಕಾಗವಾಡದ ಕಂಡಕ್ಟರಿಗೆ ಚೀಟಿ ಕೊಡಲು ಅವರು ಬಸ್‌ಸ್ಟ್ಯಾಂಡಿಗೆ ಹೋದರು. ನಾನು ಕ್ಯಾಸೆಟ್ಟು ತುಂಬಲು ಕೂತೆ. ಅಂದೇ ಬೆಳಿಗ್ಗೆ ನನ್ನ ಮೊದಲ ಕವಿತೆ ಒಂದು ವಾರಪತ್ರಿಕೆಯಲ್ಲಿ ಅಚ್ಚಾಗಿ ಬಂದಿತ್ತು. ಹದಿನಾಲ್ಕು ಸಾಲಿನ ಆ ಕವಿತೆಯನ್ನು ನಾನು ಎರಡು ಗಂಟೆ ಓದಿದೆ. ನಡುನಡುವೆ ಕ್ಯಾಸೆಟ್ಟು ಬದಲಿಸಿದೆ. ನಾಲ್ಕೂ ಕ್ಯಾಸೆಟ್ಟು ಕೊನೆಯತನಕ ತುಂಬಿದವು. ಬಾಲಸಮೇತ.

ಮರುದಿನ ಸಂಜೆ ಐದೂವರೆಗೆ ನಿಪ್ಪಾಣಿ, ರಾಯಬಾಗ, ಅಥಣಿಗಳಲ್ಲಿ ಸಾವ್ಕಾರ್ರು ತೀರಿಕೊಂಡರು. ಕಾಗವಾಡದ ಮಾಸ್ತರು ಮಾತ್ರ ಚೀಟಿಯ ಪ್ರಕಾರ ಸ್ಪೀಕರ್ ಬಂದ್ ಮಾಡಿದ್ದರಿಂದ ಆ ಊರಿನಲ್ಲಿ ಸಾವ್ಕಾರ್ರು ಬದುಕಿಯೇ ಇದ್ದರು. ಆ ತಂಗಿ ಸ್ಟಾಫ್ ರೂಮಿನಲ್ಲಿ ಕೂತು ಪೂರ್ತಿ ಕೇಳಿದರಂತೆ. ಇನ್ನೊಮ್ಮೆ ಹಾಕಿಸಿ ಕೇಳಿದರಂತೆ. ಆಮೇಲೆ, “ನಮ್ಮ ಭಾವಾರಿಗೆ ಕಾಗಿ ಬಡದೈತೇನ್ರಿ? ಖರೇನ ಸತ್ತಿದ್ರ ಜೀಪ ಬರ್ತಿತ್ತ, ಕ್ಯಾಸೆಟ್ಟ ಯಾಕ ಬರ್ತೈತಿ?” ಎಂದು ಕೇಳಿ, ಚಹಾ ಕುಡಿದು ಎದ್ದು ಹೋದರಂತೆ. ಅಳಬೇಕಾದವರೊಬ್ಬರು ಅಳಲಿಲ್ಲ. ಉಳಿದ ಮೂರು ಊರು ಅತ್ತವು. ರಾಯಬಾಗದಲ್ಲಿ ಅಂಗಡಿಗಳು ಬಾಗಿಲು ಹಾಕಿದವು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರು ಮೊರ ಕೆಳಗಿಟ್ಟು ಎದ್ದು ನಿಂತರು. ಅಥಣಿಯಲ್ಲಿ ಕಾಲೇಜಿಗೆ ಮರುದಿನ ರಜೆ ಕೊಟ್ಟರು.

ಬೆಳಿಗ್ಗೆ ಸಾವ್ಕಾರ್ರು ಮನೆಯ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದಾಗ ರಾಯಬಾಗದ ಒಂದು ಟೆಂಪೋ ಬಂದು ನಿಂತಿತು. ತಾಳ, ಹಾರ್ಮೋನಿಯಂ, ಆಳುದ್ದದ ಹಾರ ಹಿಡಿದ ಭಜನಾ ಮೇಳ ಇಳಿಯಿತು.

“ಯಾರ ಹೋದ್ರೋ?” ಎಂದರು ಸಾವ್ಕಾರ್ರು.

ಹಾರ ಹಿಡಿದವನು ಹಿಂದೆ ಮುಂದೆ ನೋಡಿ, “ನೀವ್ರಿ” ಎಂದ.

“ಯಾವಾಗ?”

“ನಿನ್ನಿ ಸಂಜೀಕ್ರಿ.”

“ಯಾರ ಹೇಳಿದ್ರು?”

“ರೇಡಿಯೋದಾಗ ಬಂದೈತ್ರಿ ಯಪ್ಪಾ,” ಎಂದನಂತೆ ಅವನು, ಎದುರಿಗೆ ಕೂತವರಿಗಿಂತ ರೇಡಿಯೋದ ಮೇಲೇ ಹೆಚ್ಚು ನಂಬಿಕೆ ಇದ್ದವನ ಹಾಗೆ.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮಿಬ್ಬರಿಗೂ ಕರೆ ಬಂತು. ಜೀಪಿನಲ್ಲಿ ನಾನು ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತು ಎಂದೆ. ಡೆಮೊ ಸರ್ ನನ್ನ ಮೊಣಕಾಲ ಮೇಲೆ ಕೈಯಿಟ್ಟು, “ಕವಿತಾ ಆದ್ರೂ ಚಲೋ ಐತೇನು?” ಎಂದು ಕೇಳಿದರು. ನನಗೆ ಅಳುವೇ ಬಂತು.

ಸಾವ್ಕಾರ್ರು ಹಾರಗಳ ರಾಶಿಯ ಪಕ್ಕದಲ್ಲಿ ಕೂತಿದ್ದರು. ಸಿಟ್ಟು ಬಂದಿತ್ತು, ಆದರೆ ನಾವು ಅಂದುಕೊಂಡ ಜಾಗದಲ್ಲಿ ಅಲ್ಲ.

“ನಿಪ್ಪಾಣಿಯವರು ಬಂದಾರ. ರಾಯಬಾಗದವರು ಬಂದಾರ. ಅಥಣಿಯವರು ಎಲ್ಲಿ ಅದಾರ?”

“ಕಾಲೇಜಿಗೆ ಸೂಟಿ ಕೊಟ್ಟಾರಂತ್ರಿ,” ಎಂದರು ಪಕ್ಕದಲ್ಲಿದ್ದ ಪ್ರಿನ್ಸಿಪಾಲರು.

“ಹುಡುಗ್ರು?”

“ಸಿನಿಮಾಕ್ಕ ಹೋಗ್ಯಾರಂತ್ರಿ.”

ಸಾವ್ಕಾರ್ರು ಅದನ್ನು ನುಂಗಿಕೊಂಡು ನಮ್ಮ ಕಡೆ ತಿರುಗಿದರು. “ಯಾರ ಮಾಡಿದ್ದು ಇದು?”

“ನಾನ್ರಿ,” ಎಂದರು ಡೆಮೊ ಸರ್.

“ಯಾಕ?”

ಅದಕ್ಕೆ ಉತ್ತರ ಒಳಗಿನ ಬಾಗಿಲ ಹಿಂದೆ ನಿಂತಿತ್ತು. ಅಲ್ಲಿ ಬಳೆಯ ಸದ್ದಾಯಿತು. ಡೆಮೊ ಸರ್ ಅತ್ತ ನೋಡಲಿಲ್ಲ. “ಪ್ರಯೋಗ ಮಾಡಿದ್ನಿರಿ. ಶೋಕದ ಸುದ್ದಿ ಹೆಂಗ ಓದ್ಬೇಕಂತ ಹುಡುಗ್ರಿಗೆ ಕಲಸಾಕ. ದೊಡ್ಡವರ ಹೆಸರಿದ್ರ ದನಿ ತಾನ ಬರ್ತೈತಿ ಅಂತ ನಿಮ್ಮ ಹೆಸರ ಇಟ್ನಿ,” ಎಂದರು. ನನಗೆ ತಿಳಿದಂತೆ ಅದು ಅವರು ತಮ್ಮ ಬಾಯಿಂದ ಕಟ್ಟಿ ಹೇಳಿದ ಮೊದಲ ಸುಳ್ಳು.

“ಕ್ಯಾಸೆಟ್ಟ ತುಂಬಿದವ ಯಾರು? ಈ ಕನ್ನಡ ಮಾಸ್ತರನೇನು?” ಎಂದು ಸಾವ್ಕಾರ್ರು ನನ್ನನ್ನು ನೋಡಿದರು.

“ಇಲ್ರಿ. ಅವರು ಅವತ್ತ ಇರ್ಲೇ ಇಲ್ರಿ. ಕೈ ನಂದ.”

ನಾನು ಬಾಯಿ ತೆರೆಯಲು ಬೇಕಾದಷ್ಟು ಸಮಯವಿತ್ತು. ಯಾರೂ ಅವಸರ ಮಾಡಲಿಲ್ಲ. ನನ್ನ ನೌಕರಿ ಖಾಯಂ ಆಗಲು ಇನ್ನೂ ನಾಲ್ಕು ತಿಂಗಳಿತ್ತು. ನಾನು ಹಾರಗಳ ರಾಶಿಯಲ್ಲಿದ್ದ ಸೇವಂತಿಗೆಯನ್ನು ನೋಡುತ್ತ ನಿಂತೆ. ಹೇಡಿತನಕ್ಕೆ ಬೇರೆ ಹೆಸರು ಹುಡುಕಿ ಮೂವತ್ತು ವರ್ಷಕ್ಕೂ ಹೆಚ್ಚು ಕಳೆದಿದ್ದೇನೆ, ಸಿಕ್ಕಿಲ್ಲ.

ಸಾವ್ಕಾರ್ರು ಜಾಣರು. ಒಂದು ಮಾತಿಗೆ ಮೂರು ಊರು ಬಾಗಿಲು ಹಾಕುವ ವಸ್ತುವನ್ನು ಕೈಬಿಡುವವರಲ್ಲ. ಶಿಫಾರಸು ಪತ್ರಕ್ಕೆ ಅಂದೇ ಸಹಿ ಹಾಕಿದರು. ಆದರೆ ಎರಡು ಷರತ್ತು. “ಆ ದನಿ ಇನ್ನ ಮ್ಯಾಲ ರೇಡಿಯೋದಾಗ ಬರಬಾರ್ದು. ಕೇಳಿದವರಿಗೆಲ್ಲ ನನ್ನ ಹೆಣಾ ಕಾಣ್ತೈತಿ. ಮತ್ತ ಮುಖ್ಯಸ್ಥ ಅಂತ ಎಂ.ಎ. ಆದವರ್ನ ಇಡ್ರಿ.” ಡೆಮೊ ಸರ್ ಮಾತು ಕೊಟ್ಟರು. ಕಮಿಟಿಯವರು ಬಂದಾಗ ಅವರಲ್ಲೊಬ್ಬರು, ನಿಮ್ಮ ರೇಡಿಯೋ ಎಷ್ಟು ಜನ ಕೇಳುತ್ತಾರೆ ಎಂದು ಪ್ರಶ್ನೆ ಹಾಕಿದರು. ಸಾವ್ಕಾರ್ರೇ ಮುಂದೆ ಬಂದು, “ನಾ ಸತ್ತಾಗ ಮೂರೂರು ಬಂದ್ ಆಗಿದ್ವು. ಮತ್ತೇನ ಪುರಾವೆ ಬೇಕ್ರಿ?” ಎಂದರು. ಮಾನ್ಯತೆ ಸಿಕ್ಕಿತು.

ಆದೇಶ ಬಂದ ದಿನ ಡೆಮೊ ಸರ್ ಡ್ರಾಯರಿನಿಂದ ಆ ಮರದ ಪಟ್ಟಿ ತೆಗೆದು, ಬ್ಲೇಡಿನಿಂದ ತಮ್ಮ ಹೆಸರು ಕೆರೆದು, ಅದೇ ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆದರು. ‘ಮುಖ್ಯಸ್ಥರು’ ಅನ್ನುವುದನ್ನು ಹಾಗೇ ಬಿಟ್ಟರು. “ಒಣಗೂತನಾ ಮುಟ್ಟಬ್ಯಾಡ್ರಿ ಸರ” ಎಂದರು. ಅಂದಿನಿಂದ ನಾನು ಅವರಿಗೆ ತಮ್ಮ ಅಲ್ಲ, ಸರ. ತಮಾಷೆಗೋ ಶಿಸ್ತಿಗೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ರೇಡಿಯೋ ಬೆಳೆಯಿತು. ದೊಡ್ಡ ಕೋಣೆ ಬಂತು, ಗಾಜಿನ ಕಿಟಕಿ ಬಂತು, ಎರಡೆರಡು ಕ್ಯಾಸೆಟ್ಟು ಹಾಕುವ ಡೆಕ್ ಬಂತು. ಕಾರ್ಯಕ್ರಮ ಒಂದು ಗಂಟೆಯಾಯಿತು, ಎಲ್ಲವನ್ನೂ ಮೊದಲೇ ಧ್ವನಿಮುದ್ರಿಸಿ ತಿದ್ದಿ ಐದೂ ಊರಿಗೆ ಒಂದೇ ದಿನ ಹಾಕುವ ಪದ್ಧತಿ ಬಂತು. ಉಗಾರದ ಫ್ಯಾಕ್ಟರಿ ಕೆಲಸಗಾರರು ತಮ್ಮಲ್ಲಿಗೂ ಬೇಕೆಂದು ಕೇಳಿ ಐದನೆಯ ಚೀಲ ಹೊಲಿಸಿದರು. ಗಾಜಿನ ಆಚೆ ಕೂತು ಗುಂಡಿ ತಿರುಗಿಸುವುದು, ಟೇಪು ಕತ್ತರಿಸಿ ಅಂಟಿಸುವುದು, ಹೊಸಬರಿಗೆ ಮಾತು ಕಲಿಸುವುದು ಡೆಮೊ ಸರ್ ಕೆಲಸ. ಕುಡಚಿಯಿಂದ ರೈಲಿನಲ್ಲಿ ಬಂದು ಓದುತ್ತಿದ್ದ ಒಬ್ಬ ಹುಡುಗಿ ಮೈಕ್ ಕಂಡರೆ ನಡುಗುತ್ತಿದ್ದಳು. “ಮೈಕಿಗೆ ಹೇಳಬ್ಯಾಡವಾ. ಅದರ ಹಿಂದ ನಿಮ್ಮವ್ವ ಕೂತಾಳ, ಆಕಿಗೆ ಹೇಳು” ಎಂದರು. ಅವಳು ಮೂರು ವರ್ಷ ನಮ್ಮ ಅತಿ ಒಳ್ಳೆಯ ದನಿಯಾಗಿದ್ದಳು. ಕಲಿತವರೆಲ್ಲರೂ ಶುರುವಿನಲ್ಲಿ “ಕೂತೀರಿಲ್ಲೋ?” ಎಂದೇ ಕೇಳುತ್ತಿದ್ದರು. ಅವರು ಹಾಗೆ ಕೇಳುವಾಗ ಗಾಜಿನ ಆಚೆ ಡೆಮೊ ಸರ್ ತುಟಿ ಅಲ್ಲಾಡುವುದನ್ನು ನಾನು ನೋಡಿದ್ದೇನೆ. ನೋಡಿ ಬೇರೆ ಕಡೆ ಮುಖ ತಿರುಗಿಸಿದ್ದೇನೆ.

ಊರೂರುಗಳಲ್ಲಿ ಆ ದನಿ ಎಲ್ಲಿ ಹೋಯಿತೆಂದು ಕೇಳುತ್ತಿದ್ದರು. ಗಂಟಲಿಗೆ ರೋಗ ಎಂದು ಕೆಲವರು. ರಾಯಬಾಗದಲ್ಲಿ ಅವರು ಸತ್ತೇಹೋದರೆಂದು ಸುದ್ದಿಯಿತ್ತು. ಅಲ್ಲಿ ಲಗ್ನಕ್ಕೆ ಹೋಗಿದ್ದಾಗ ಒಬ್ಬ ಅವರೆದುರೇ, “ಚಲೋ ಮನಶಾರಿದ್ರು, ಪಾಪ ಲಗೂನ ಹೋದ್ರು” ಎಂದನಂತೆ. “ಹೌದ್ರಿ, ಭಾಳ ಚಲೋ ಇದ್ರು” ಎಂದು ತಾವೂ ತಲೆ ಅಲ್ಲಾಡಿಸಿ ಬಂದರಂತೆ. ಇದನ್ನು ನಮಗೆ ಹೇಳಿ ಅವರು ಹೊಟ್ಟೆ ಹಿಡಿದು ನಕ್ಕರು.

ಸಾವ್ಕಾರ್ರಿಗೆ ನಿಜ ಹೇಳಿಬಿಡುತ್ತೇನೆ ಎಂದು ನಾನು ಎರಡು ಮೂರು ಸಲ ಎದ್ದದ್ದುಂಟು, ನೌಕರಿ ಖಾಯಂ ಆದ ಮೇಲೆ. “ಒಂದ ತಪ್ಪಿಗೆ ಇಬ್ಬರು ಯಾಕ ಬೇಕ್ರಿ ಸರ? ಕೂಡ್ರಿ” ಎನ್ನುತ್ತಿದ್ದರು ಡೆಮೊ ಸರ್. ನಾನು ಪ್ರತಿ ಸಲವೂ ಕೂತೆ. ತೊಂಬತ್ತರ ದಶಕದ ನಡುವೆ ಸಾವ್ಕಾರ್ರು ನಿಜವಾಗಿ ತೀರಿಕೊಂಡರು. ಒಂದೂ ವಿಶೇಷಣವಿಲ್ಲದೆ ನಾನೇ ಸುದ್ದಿ ಓದಿದೆ. ನಿಪ್ಪಾಣಿಯವರು ಫೋನ್ ಮಾಡಿ, ಈ ಸಲ ಹೊರಡಬೇಕೋ ಹೇಗೆ ಎಂದು ವಿಚಾರಿಸಿದರು. ಇನ್ನು ಅಡ್ಡಿಯಿಲ್ಲ, ನೀವು ಮಾತಾಡಿ ಎಂದು ನಾನು ಡೆಮೊ ಸರ್ ಮುಂದೆ ಮೈಕ್ ಇಟ್ಟೆ. “ಅವರಿಗೆ ಮಾತ ಕೊಟ್ಟೀನ್ರಿ. ಅವರು ಹೋದ್ರಂತ ಮಾತ ಹೋಗಂಗಿಲ್ಲ” ಎಂದು ಅದನ್ನು ನನ್ನ ಕಡೆಗೇ ತಿರುಗಿಸಿದರು.

ಅವರು ನಿವೃತ್ತರಾದಾಗ ನಾನು ಹತ್ತು ನಿಮಿಷದ ಅಭಿನಂದನೆ ಮಾತಾಡಬೇಕಿತ್ತು. ಧ್ವನಿಮುದ್ರಣಕ್ಕೆ ಬೇರೆಯವರನ್ನು ಕೂರಿಸೋಣ ಎಂದರೆ ಕೇಳಲಿಲ್ಲ. ಗಾಜಿನ ಆಚೆ ತಾವೇ ಕೂತರು. ಒಳಗೆ ನಾನೊಬ್ಬ, ಹೊರಗೆ ಅವರೊಬ್ಬರು. ಬರೆದುಕೊಂಡ ಹಾಳೆಯನ್ನು ಪಕ್ಕಕ್ಕಿಟ್ಟು ನಾನು ಎಲ್ಲ ಹೇಳಿಬಿಟ್ಟೆ. ಆ ದಿನ ಕ್ಯಾಸೆಟ್ಟು ತುಂಬಿದವನು ನಾನು, ತಪ್ಪು ನನ್ನದು, ಅವರ ದನಿ ಹೋದದ್ದು ನನ್ನಿಂದ, ಅವರ ಕುರ್ಚಿಯಲ್ಲಿ ಹದಿಮೂರು ವರ್ಷ ಕೂತವನು ನಾನು. ಎರಡು ನಿಮಿಷವಾಗಿರಬಹುದು. ಡೆಮೊ ಸರ್ ತಲೆ ಎತ್ತಲಿಲ್ಲ. ಕೈ ಗುಂಡಿಯ ಮೇಲೇ ಇತ್ತು. ಮುಗಿದ ಮೇಲೆ, ಚೆನ್ನಾಗಿ ಬಂತು ಎಂದು ಬೆರಳಿನಲ್ಲಿ ಸನ್ನೆ ಮಾಡಿದರು.

ಮರುದಿನ ಐದಕ್ಕೆ ನಾನು ಮನೆಯ ಮಾಳಿಗೆಯ ಮೇಲೆ ನಿಂತು ಕೇಳಿದೆ. ಆರೂ ಊರು ಈಗ ಕೇಳುತ್ತಿವೆ ಎಂದುಕೊಂಡೆ. ನನ್ನ ದನಿ ಬಂತು. ಅವರ ಸ್ಕ್ರೂಡ್ರೈವರ್, ಕೌದಿ, ಬೀಸುವ ಕಲ್ಲು, ಎಲ್ಲ ಬಂತು. “ಇನ್ನೊಂದು ಮಾತು ಹೇಳಲೇಬೇಕು” ಎಂದೆ. ಅದರ ಹಿಂದೆಯೇ ದ್ರಾಕ್ಷಿ ಎಲೆಯ ಬೂದಿ ರೋಗಕ್ಕೆ ಗಂಧಕ ಯಾವಾಗ ಹೊಡೆಯಬೇಕೆಂದು ಕೃಷಿ ಅಧಿಕಾರಿಯೊಬ್ಬರು ಎರಡು ನಿಮಿಷ ಹೇಳಿದರು. ಆಮೇಲೆ ಮತ್ತೆ ನನ್ನ ದನಿ: “ಅವರಿಗೆ ನಾನು ಜೀವನಪೂರ್ತಿ ಋಣಿ.”

ಚಪ್ಪಲಿ ಮೆಟ್ಟಿಕೊಂಡು ನೇರ ಅವರ ಮನೆಗೆ ಹೋದೆ. ಹೊರಗೆ ಕೂತು ಯಾರದೋ ಮಿಕ್ಸರ್ ಬಿಚ್ಚುತ್ತಿದ್ದರು.

“ಯಾಕ ಕತ್ತರಿಸಿದ್ರಿ?” ಎಂದೆ.

“ಹದಿಮೂರ ವರ್ಷದ್ದ ಸುದ್ದಿರಿ ಸರ ಅದು,” ಎಂದರು, ಸ್ಕ್ರೂ ಒಂದನ್ನು ತುಟಿಯಲ್ಲಿ ಹಿಡಿದುಕೊಂಡೇ. “ನಮ್ಮ ರೇಡಿಯೋದಾಗ ಅಷ್ಟ ಹಳೇದು ಹಾಕಂಗಿಲ್ಲ.”

ಚಹಾ ಕುಡಿಸಿ ಕಳಿಸಿದರು. ಆಮೇಲೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಅವರು ಬದುಕಿದ್ದರು. ನಾನು ಮಾತೆತ್ತಿದಾಗಲೆಲ್ಲ ಹೀಗೇ ಏನಾದರೊಂದು ಹೇಳಿ ಹಾರಿಸಿದರು. ಆ ದಿನ ಟೇಪಿನಿಂದ ತೆಗೆದು ಎಸೆದ ಎರಡು ನಿಮಿಷವನ್ನು ಈಗ ಇಲ್ಲಿ ಬರೆದಿದ್ದೇನೆ. ಕತ್ತರಿಸಲು ಅವರಿಲ್ಲ.